ಸ್ಪ್ಯಾನಿಷಿನ ‘-ರೀಯ’ ನಿಮಗೆಲ್ಲ ಹೇಗೆ ತಲೆಗೆ ಹತ್ತಿತು?

ಪೆರ್ಲದ ಪುಟ್ಟಿ
ಎಲ್ಲರಿಗೂ ನಮಸ್ಕಾರ. ಊರು ಪೆರ್ಲ, ಕೆಲಸ ಮಂಗಳೂರು, ಶನಿವಾರ ಬಸ್ಸಿನಲ್ಲಿ ಮನೆಗೆ. ಆಫೀಸಿನಲ್ಲಿ ಮೆಕ್ಸಿಕೋದ ಗಿರಾಕಿಗಳ ಮೇಲ್ ನೋಡಬೇಕು ಅಂತ ಎಂಟು ತಿಂಗಳಿಂದ ಆನ್‌ಲೈನಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಇಲ್ಲಿಯವರೆಗೆ ಹೇಗೋ ಬಂತು. ಹೋದ ವಾರ ಕಂಡಿಷನಲ್ (‘ಹೀಗಿದ್ದಿದ್ದರೆ ಹಾಗೆ ಮಾಡುತ್ತಿದ್ದೆ’ ಅನ್ನುವ, ‘-ರೀಯ’ ಬರುವ ರೂಪ) ಬಂತು ನೋಡಿ, ಅಲ್ಲಿಗೆ ಗಾಡಿ ನಿಂತಿತು.

ಟೀಚರ್ ಒಂದು ಪಟ್ಟಿ ತೋರಿಸಿ ‘ಇದು ಇಂಗ್ಲಿಷಿನ ವುಡ್ (would), ಅಷ್ಟೇ’ ಅಂತ ಹೇಳಿ ಮುಂದಿನ ಪಾಠಕ್ಕೆ ಹೋದರು. ಟೆಸ್ಟಿನಲ್ಲಿ ನನಗೆ 20ಕ್ಕೆ 7. ತಪ್ಪುಗಳು ಹೀಗಿವೆ. ‘ನಾನು ಮಾತಾಡುತ್ತಿದ್ದೆ, ಆದರೆ ಫೋನಿಲ್ಲ’ ಅನ್ನುವಲ್ಲಿ ‘ಆಬ್ಲೀಯ’ ಅಂತ ಬರೆದೆ. ‘ಚಿಕ್ಕವಳಿದ್ದಾಗ ಅಜ್ಜನ ಮನೆಗೆ ಹೋಗುತ್ತಿದ್ದೆ’ ಅನ್ನುವುದಕ್ಕೆ ‘ಇರೀಯ’ ಅಂತ ಬರೆದೆ. ‘ಸಮಯ ಇದ್ದಿದ್ದರೆ ಊರೂರು ಸುತ್ತುತ್ತಿದ್ದೆ’ ಅನ್ನುವುದಕ್ಕೆ ‘ಸಿ ತೆಂದ್ರೀಯ ತಿಯೆಂಪೊ, ಬ್ಯಹರೀಯ’ ಅಂತ ಬರೆದೆ. ಮೂರಕ್ಕೂ ಕೆಂಪು ಗೀಟು. ಯಾಕೆ ಅಂತ ಕೇಳಿದರೆ ‘ಪಟ್ಟಿ ಬಾಯಿಪಾಠ ಮಾಡಿ’ ಅಂದರು.

ಕನ್ನಡದಲ್ಲೇ ಯೋಚಿಸಿ ಇದನ್ನು ಹಿಡಿಯುವ ದಾರಿ ಇದೆಯಾ? ಬರುವ ಶನಿವಾರ ಮತ್ತೆ ಟೆಸ್ಟ್ ಇದೆ.

ಸುಮ್ನೆ ಓದುವವ
20ಕ್ಕೆ 7 ಒಳ್ಳೆಯ ಮಾರ್ಕೇ. ನನಗೆ ಶಾಲೆಯಲ್ಲಿ ಹಿಂದಿಗೆ 50ಕ್ಕೆ 9 ಬಂದಿತ್ತು. ಅದೂ ಪೇಪರು ತಿದ್ದಿದ್ದು ಅಪ್ಪನ ಸ್ನೇಹಿತರು.

ಮುಳ್ಳೇರಿಯ ಮೇಷ್ಟ್ರು
ಪುಟ್ಟಿ, ಮೊದಲು ರೂಪ ಸರಿ ಮಾಡಿಕೊಳ್ಳಿ, ಅರ್ಥ ಆಮೇಲೆ. ನಿಮ್ಮ ಮೊದಲನೆಯ ತಪ್ಪು ನಾನೂ ಮಾಡಿದ್ದೇ. ವರ್ತಮಾನದಲ್ಲಿ ನಾವು ‘ಆಬ್ಲಾರ್’ ಅನ್ನುವುದರ ಕೊನೆಯ ‘ಆರ್’ ಕತ್ತರಿಸಿ ‘ಆಬ್ಲೊ’ ಮಾಡುತ್ತೇವೆ, ಅಲ್ವಾ? ಅದೇ ಅಭ್ಯಾಸದಲ್ಲಿ ಇಲ್ಲೂ ಕತ್ತರಿಸಿಬಿಡುತ್ತೇವೆ. ಕಂಡಿಷನಲ್‌ನಲ್ಲಿ ಕತ್ತಿ ಕೆಳಗಿಡಬೇಕು. ಅಡಿಕೆ ಸುಲಿಯಲು ಹೋಗಬೇಡಿ, ಸಿಪ್ಪೆ ಸಮೇತ ಇಡೀ ಅಡಿಕೆಗೇ ಬಾಲ ಕಟ್ಟಿ. ಆಬ್ಲಾರ್ + ಈಯ, ಆಬ್ಲರೀಯ. ಕೊಮೆರ್ + ಈಯ, ಕೊಮೆರೀಯ. ಬಿಬೀರ್ + ಈಯ, ಬಿಬಿರೀಯ. ಆರ್, ಎರ್, ಈರ್ ಮೂರು ಜಾತಿಯ ಕ್ರಿಯಾಪದಕ್ಕೂ ಒಂದೇ ಬಾಲ. ಇಷ್ಟು ಸಲೀಸು ಆ ಭಾಷೆಯಲ್ಲಿ ಬೇರೆ ಕಡೆ ಸಿಗುವುದು ಕಷ್ಟ.

ಬಾಲಗಳು: ನಾನು ಅಂದರೆ ಈಯ, ನೀನು ಈಯಸ್, ಅವನು, ಅವಳು, ‘ತಾವು’ ಈಯ, ನಾವು ಈಯಮೋಸ್, ನೀವೆಲ್ಲ ಈಯಾಯ್ಸ್, ಅವರು ಈಯನ್. ಬರೆಯುವಾಗ ‘ಈ’ ಮೇಲಿನ ಗೀಟು ಆರು ಕಡೆಯೂ ಬೇಕು. ಬಿಟ್ಟರೆ ಅರ್ಧ ಮಾರ್ಕು ಹೋಯಿತು. ಓದುವಾಗಲೂ ಒತ್ತು ಅಲ್ಲೇ. ‘ಆಬ್ಲರ್ಯ’ ಅಂತ ನುಂಗಬಾರದು, ಆಬ್ಲ-ರೀ-ಯ ಅಂತ ಬಿಡಿಸಿ ಹೇಳಬೇಕು.

ಉಪ್ಪಳದವಳು
‘ರೀ’ ಮೇಲೆ ಒತ್ತು ಅಂದರೆ ಘಟ್ಟದ ಮೇಲಿನವರು ಗಂಡನನ್ನು ಕರೆದ ಹಾಗೆ. ಮರೆಯುವುದೇ ಇಲ್ಲ ಇನ್ನು 😄

ಚಂದ್ರಗಿರಿ ದಂಡೆ
ಮೇಷ್ಟ್ರೇ ಒಂದು ಡೌಟು. ‘ನಾನು’ ಮತ್ತು ‘ಅವನು’ ಎರಡಕ್ಕೂ ‘ಈಯ’ ಅಂತೀರಿ. ಹಾಗಾದರೆ ‘ಕೊಂಪ್ರರೀಯ’ ಅಂದರೆ ಕೊಳ್ಳುವವರು ಯಾರು?

ಮುಳ್ಳೇರಿಯ ಮೇಷ್ಟ್ರು
ಮಾತಿನ ಸಂದರ್ಭದಲ್ಲಿ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಮುಂದೆ ‘ಯೊ’ ಅಂತಲೋ ‘ಎಲ್’ ಅಂತಲೋ ಸೇರಿಸುತ್ತಾರೆ. ಬೇರೆ ಕಾಲಗಳಲ್ಲಿ ‘ಯೊ’ ಬಿಟ್ಟೇ ಮಾತಾಡುವವರು ಇಲ್ಲಿ ಜಾಸ್ತಿ ಸೇರಿಸುವುದು ಅದಕ್ಕೇ.

ಗ್ವಾದಲಹಾರದಲ್ಲಿ ಮೂರು ವರ್ಷ
ಮೆಕ್ಸಿಕೋ ಗಿರಾಕಿಗಳಾದರೆ ‘ಈಯಾಯ್ಸ್’ ಬಾಲ ಕಲಿಯದಿದ್ದರೂ ನಡೆಯುತ್ತದೆ. ಅದು ಸ್ಪೇನಿನ ‘ಬೊಸೋತ್ರೊಸ್’ಗೆ ಮಾತ್ರ. ಲ್ಯಾಟಿನ್ ಅಮೆರಿಕದ ಕಡೆ ‘ನೀವೆಲ್ಲ’ ಅನ್ನಲು ‘ಉಸ್ತೇದೆಸ್’, ಅದಕ್ಕೆ ‘ಈಯನ್’. ಮೂರು ವರ್ಷದಲ್ಲಿ ಒಬ್ಬರ ಬಾಯಲ್ಲೂ ನಾನು ‘ಈಯಾಯ್ಸ್’ ಕೇಳಿಲ್ಲ.

ಇನ್ನೊಂದು ವಿಷಯ. ಅಲ್ಲಿನ ಮಕ್ಕಳ ವ್ಯಾಕರಣ ಪುಸ್ತಕದಲ್ಲಿ ಇದರ ಹೆಸರು ಕಂಡಿಷನಲ್ ಅಂತ ಇಲ್ಲ, ‘ಪೊಸ್‌ಪ್ರೆತೆರಿತೊ’ ಅಂತ ಇದೆ. ಭೂತದ ನಂತರದ್ದು ಅಂತ ಅರ್ಥ. ಆಂದ್ರೆಸ್ ಬೆಯೊ ಅಂತ ವೆನೆಜುವೆಲಾದಲ್ಲಿ ಹುಟ್ಟಿ ಚಿಲಿಯಲ್ಲಿ ನೆಲೆಸಿದ ಪಂಡಿತರು 1847ರ ತಮ್ಮ ವ್ಯಾಕರಣದಲ್ಲಿ ಇಟ್ಟ ಹೆಸರು. ಗೂಗಲ್ ಮಾಡುವಾಗ ಆ ಹೆಸರು ಕಂಡರೆ ಗಾಬರಿ ಆಗಬೇಡಿ, ಸರಕು ಒಂದೇ.

ನೀಲಿಬಿಳಿ 10
ಅರ್ಜೆಂಟೀನಾದಲ್ಲಿ ‘ತು’ ಇಲ್ಲ, ‘ಬೊಸ್’. ವರ್ತಮಾನದಲ್ಲಿ ‘ಬೊಸ್’ಗೆ ಬೇರೆ ರೂಪ ಇದೆ. ಆದರೆ ಕಂಡಿಷನಲ್‌ನಲ್ಲಿ ಅದೇ ‘ಆಬ್ಲರೀಯಸ್’. ಮೊಗ್ರಾಲಿನ ಫುಟ್‌ಬಾಲ್ ಹುಚ್ಚಿನಿಂದ ಸ್ಪ್ಯಾನಿಷ್ ಕಲಿತವ ನಾನು. 2022ರ ವಿಶ್ವಕಪ್ ಫೈನಲ್ ಆದ ಮೇಲಿನ ಸಂದರ್ಶನಗಳನ್ನು ಸಬ್‌ಟೈಟಲ್ ಇಲ್ಲದೆ ನೋಡಬೇಕು ಅಂತ ಹಠ ಇತ್ತು. ಅರ್ಧ ಅರ್ಥವಾಯಿತು, ಇನ್ನರ್ಧಕ್ಕೆ ಅಳು ಬಂತು.

ಹಳದಿ ಜೆರ್ಸಿ
ಪೆನಾಲ್ಟಿಯಲ್ಲಿ ಗೆದ್ದವರು ಇಲ್ಲೂ ಬಂದರಾ?

ನೀಲಿಬಿಳಿ 10
3-3 ಆದ ಮೇಲೆ 4-2. ಲೆಕ್ಕ ಸರಿಯಾಗಿ ಹೇಳಿ ಮಾರಾಯ್ರೆ. ನಿಮ್ಮ ಬ್ರೆಜಿಲಿನವರು ಕ್ವಾರ್ಟರ್‌ನಲ್ಲೇ ಮನೆಗೆ ಹೋದರಲ್ಲ, ಅದೂ ಪೆನಾಲ್ಟಿಯಲ್ಲೇ.

ಬೇಲಿಯಾಚೆ
ಇದನ್ನೆಲ್ಲ ಕನ್ನಡಕ್ಕೆ ಎಳೆಯುವುದು ಯಾಕೆ ಅಂತ ನನಗೆ ಅರ್ಥ ಆಗುತ್ತಿಲ್ಲ. ಎಲ್ಲರಿಗೂ ಇಂಗ್ಲಿಷ್ ಬರುತ್ತದೆ. ವುಡ್ ಇದ್ದಲ್ಲಿ ‘ರೀಯ’ ಹಾಕಿ, ಮುಗೀತು. ಟೀಚರ್ ಹೇಳಿದ್ದು ಸರಿಯಾಗೇ ಇದೆ.

ಮುಳ್ಳೇರಿಯ ಮೇಷ್ಟ್ರು
ಮುಗಿಯುವುದಿಲ್ಲ. ಪುಟ್ಟಿಯ ಎರಡನೆಯ ತಪ್ಪು ಬಂದದ್ದೇ ಅಲ್ಲಿಂದ. ಇಂಗ್ಲಿಷಿನವರು ‘ಚಿಕ್ಕವಳಿದ್ದಾಗ ಹೋಗುತ್ತಿದ್ದೆ’ ಅನ್ನುವುದಕ್ಕೂ ವುಡ್ ಹಾಕುತ್ತಾರೆ. ಸ್ಪ್ಯಾನಿಷಿನಲ್ಲಿ ಅದು ನಿಜವಾಗಿ ನಡೆದ, ಮತ್ತೆ ಮತ್ತೆ ನಡೆದ ಸಂಗತಿ. ಅಲ್ಲಿ ‘ಇಬ’ ಬರಬೇಕು, ‘ಇರೀಯ’ ಅಲ್ಲ. ವುಡ್ ನಂಬಿದರೆ ಹೊಂಡಕ್ಕೆ ಬೀಳುವುದು ಖಂಡಿತ.

ಬೇಲಿಯಾಚೆ
ಕನ್ನಡವನ್ನು ನಂಬಿದರೂ ಅದೇ ಹೊಂಡ ಅಲ್ವಾ ಮೇಷ್ಟ್ರೇ? ‘ಅಜ್ಜನ ಮನೆಗೆ ಹೋಗುತ್ತಿದ್ದೆ’, ‘ರಜೆ ಇದ್ದಿದ್ದರೆ ಹೋಗುತ್ತಿದ್ದೆ’. ಎರಡೂ ಕಡೆ ‘ಹೋಗುತ್ತಿದ್ದೆ’ಯೇ.

ಮುಳ್ಳೇರಿಯ ಮೇಷ್ಟ್ರು
ಅದು ಹೌದು. ಒಪ್ಪಿದೆ. ಅದಕ್ಕೆ ನಾನು ಬಳಸುವ ಒಂದು ಪರೀಕ್ಷೆ ಇದೆ. ವಾಕ್ಯದ ಮುಂದೆ ಒಂದು ‘ಇದ್ದಿದ್ದರೆ’ ತುರುಕಿ ನೋಡಿ. ಕೂತರೆ ‘ರೀಯ’, ಕೂರದಿದ್ದರೆ ಬೇರೆಯದು. ‘ರಜೆ ಇದ್ದಿದ್ದರೆ ಹೋಗುತ್ತಿದ್ದೆ’ ಸರಿಯಾಗಿ ಕೂತಿತು. ‘ಚಿಕ್ಕವಳಿದ್ದಾಗ, ರಜೆ ಇದ್ದಿದ್ದರೆ, ದಿನಾ ಹೋಗುತ್ತಿದ್ದೆ’ ಅಂದರೆ ಅರ್ಥವೇ ಬದಲಾಯಿತು, ಹೋಗಲೇ ಇಲ್ಲ ಅಂತ ಆಯಿತು. ಹೋದದ್ದು ನಿಜ ಆದರೆ ‘ಇಬ’.

ಬದಿಯಡ್ಕದ ಟೀಚರಮ್ಮ
ತಡವಾಗಿ ಬಂದೆ, ಕ್ಷಮಿಸಿ. ಮೂವತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಪಾಠ ಮಾಡಿದವಳು ನಾನು. ಸ್ಪ್ಯಾನಿಷ್ ಒಂದಕ್ಷರ ಬಾರದು. ಆದರೆ ನೀವು ‘ಹೋಗುತ್ತಿದ್ದೆ’ ಒಂದನ್ನೇ ಹಿಡಿದು ಎಳೆದಾಡುವುದು ನೋಡಿ ಸುಮ್ಮನಿರಲು ಆಗಲಿಲ್ಲ. ಹತ್ತನೆಯ ತರಗತಿಯಲ್ಲಿ ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥ ಅಂತ ಓದಿದ್ದು ಮರೆತಿರಾ? ಬಂದೇನು, ಬಂದೀಯೆ, ಬಂದಾನು, ಬಂದಾಳು, ಬಂದೀತು, ಬಂದೇವು, ಬಂದೀರಿ, ಬಂದಾರು. ಆಗಿಲ್ಲ, ಆಗಲೂಬಹುದು, ಹೇಳುವವನಿಗೆ ಖಾತ್ರಿ ಇಲ್ಲ. ಅದಕ್ಕೇ ಅಂತ ಒಂದು ರೂಪ, ಆಳಿಗೊಂದು ಬಾಲ. ನಿಮ್ಮ ‘ಈಯ, ಈಯಸ್’ ಹಾಗೆಯೇ ಅಲ್ಲವೇ?

ಪುಸ್ತಕದ ಕನ್ನಡ ಅಂತ ತಳ್ಳಿಹಾಕಬೇಡಿ. ನಮ್ಮ ಅತ್ತೆ ತೊಂಬತ್ತರ ಹತ್ತಿರದವರು. ಅಂಗಳದಲ್ಲಿ ಅಡಿಕೆ ಹರಡಿದ್ದಾಗ ಪಡುವಣದಲ್ಲಿ ಒಂದು ಮೋಡ ಕಂಡರೆ ಸಾಕು, ಜಗಲಿಯಿಂದಲೇ ಕೂಗುತ್ತಾರೆ. ‘ಮಳೆ ಬಂದೀತು, ಅಡಿಕೆ ಒದ್ದೆಯಾದೀತು, ಟಾರ್ಪಾಲು ಎಳೆಯಿರಿ!’ ಮೊಮ್ಮಗ ಓಡಿದರೆ ‘ಬಿದ್ದೀಯೆ, ಜಾಗ್ರತೆ’. ಒಂದೇ ಉಸಿರಿನಲ್ಲಿ ಮೂರು ಸಂಭಾವನಾರ್ಥ. ಅವರು ಯಾವ ವ್ಯಾಕರಣ ಓದಿದ್ದಾರೆ?

ಉಪ್ಪಳದವಳು
ಟೀಚರ್! ನೀವು ನನಗೆ ಎಂಟನೆಯಲ್ಲಿ ಪಾಠ ಮಾಡಿದ್ದಿರೋ ಏನೋ. ಈ ಧಾಟಿ ಎಲ್ಲೋ ಕೇಳಿದ ಹಾಗಿದೆ.

ಬದಿಯಡ್ಕದ ಟೀಚರಮ್ಮ
ಮಾಡಿದ್ದೇನು! (ಇದೂ ಅದೇ ರೂಪ, ಗಮನಿಸಿ.)

ಗ್ವಾದಲಹಾರದಲ್ಲಿ ಮೂರು ವರ್ಷ
ಟೀಚರ್, ನೀವು ಸ್ಪ್ಯಾನಿಷ್ ಬಾರದು ಅಂತ ಹೇಳಿಕೊಂಡೇ ಒಂದು ದೊಡ್ಡ ಗಂಟು ಬಿಚ್ಚಿದಿರಿ. ‘ಆಗ ಹತ್ತು ಗಂಟೆ ಆಗಿದ್ದೀತು’ ಅಂತ ನಾವು ಅಂದಾಜು ಹೇಳುತ್ತೇವಲ್ಲ, ಸ್ಪ್ಯಾನಿಷಿನಲ್ಲಿ ಅದು ‘ಸೆರೀಯನ್ ಲಾಸ್ ದಿಯೆಸ್’. ಅದೇ ಕಂಡಿಷನಲ್ ಬಾಲ! ನಡೆದುಹೋದ ಹೊತ್ತಿನ ಬಗ್ಗೆ ಊಹೆ ಮಾಡುವಾಗ ಅವರು ಇದನ್ನೇ ಹಾಕುತ್ತಾರೆ. ವುಡ್ ಪಟ್ಟಿ ಹಿಡಿದವರಿಗೆ ಈ ವಾಕ್ಯ ಎಷ್ಟು ಓದಿದರೂ ಇಳಿಯುವುದಿಲ್ಲ. ‘ಆಗಿದ್ದೀತು’ ಗೊತ್ತಿದ್ದವರಿಗೆ ಮೊದಲ ಸಲಕ್ಕೇ ಇಳಿಯುತ್ತದೆ.

ಬೇಲಿಯಾಚೆ
ಆದರೆ ‘ಹಣ ಇದ್ದಿದ್ದರೆ ಮನೆ ಕೊಂಡೇನು’ ಅಂತ ಯಾರೂ ಹೇಳುವುದಿಲ್ಲ. ‘ಕೊಳ್ಳುತ್ತಿದ್ದೆ’ ಅಂತಲೇ ಹೇಳುವುದು. ಹಾಗಾಗಿ ಟೀಚರಮ್ಮನ ರೂಪ ಅರ್ಧಕ್ಕೆ ಮಾತ್ರ ಹೊಂದುತ್ತದೆ.

ಬದಿಯಡ್ಕದ ಟೀಚರಮ್ಮ
ಸರಿ, ಅರ್ಧ. ನಿಮ್ಮ ವುಡ್ ಕೂಡ ಅರ್ಧವೇ.

ಹೊಸದುರ್ಗದ ಹುಡುಗ
ನೀವೆಲ್ಲ ಮನೆಯೊಳಗೆ ಹುಡುಕುತ್ತಿದ್ದೀರಿ, ಉತ್ತರ ಪಕ್ಕದ ಮನೆಯಲ್ಲಿದೆ. ಮಲಯಾಳದಲ್ಲಿ ಇದಕ್ಕೇ ಅಂತ ಬೇರೆ ರೂಪ ಇದೆ. ‘ಪೈಸ ಉಂಡಾಯಿರುನ್ನೆಂಗಿಲ್ ಞಾನ್ ಪೋಯೇನೆ.’ ದುಡ್ಡು ಇದ್ದಿದ್ದರೆ ನಾನು ಹೋಗುತ್ತಿದ್ದೆ. ದಿನಾ ಹೋಗುತ್ತಿದ್ದುದಕ್ಕೆ ‘ಪೋಯೇನೆ’ ಬರುವುದೇ ಇಲ್ಲ, ಅಲ್ಲಿ ‘ಪೋಗುಮಾಯಿರುನ್ನು’. ಪುಟ್ಟಿ ಅಕ್ಕ, ಕಾಸರಗೋಡಿನವರು ನಾವು, ಎರಡೂ ಬರುತ್ತದೆ. ‘ಏನೆ’ ಕೂತಲ್ಲಿ ‘ರೀಯ’, ‘ಏನೆ’ ಕೂರದೆ ‘ಉಮಾಯಿರುನ್ನು’ ಮಾತ್ರ ಬರುವಲ್ಲಿ ‘ಇಬ’. ಲೆಕ್ಕ ಸರಿಯಾಯಿತು.

ಅಡಿಕೆ ತೋಟ
ಬಂತು ನೋಡಿ. 1956ರಿಂದ ಎಲ್ಲದಕ್ಕೂ ಮಲಯಾಳದಲ್ಲೇ ಉತ್ತರ. ಪಂಚಾಯತಿನ ಅರ್ಜಿ ಮಲಯಾಳ, ಬಸ್ಸಿನ ಬೋರ್ಡು ಮಲಯಾಳ, ಈಗ ಸ್ಪ್ಯಾನಿಷ್ ಕಲಿಯಲೂ ಮಲಯಾಳ ಬೇಕಾ?

ಹೊಸದುರ್ಗದ ಹುಡುಗ
ಅಣ್ಣ, ನಾನು ಬೋರ್ಡು ಬರೆಸಿದವನಲ್ಲ. ಗಡಿನಾಡಿನಲ್ಲಿ ಹುಟ್ಟಿದ್ದಕ್ಕೆ ಸಿಕ್ಕಿದ ಲಾಭ ಹೇಳಿದೆ ಅಷ್ಟೇ. ನಷ್ಟದ ಪಟ್ಟಿ ನನ್ನ ಹತ್ತಿರವೂ ಇದೆ.

ಮುಳ್ಳೇರಿಯ ಮೇಷ್ಟ್ರು
ಹುಡುಗ ಹೇಳಿದ್ದು ಚೊಕ್ಕವಾಗಿದೆ, ಒಪ್ಪಲೇಬೇಕು. ಒಂದೇ ವ್ಯತ್ಯಾಸ. ಮಲಯಾಳದಲ್ಲಿ ಞಾನ್ ಪೋಯೇನೆ, ಅವನ್ ಪೋಯೇನೆ, ಎಲ್ಲರಿಗೂ ಒಂದೇ. ಬಾಲ ಬದಲಾಯಿಸುವ ಅಭ್ಯಾಸ ಕನ್ನಡದಿಂದ ಬರಬೇಕು, ಎಲ್ಲಿ ಬಳಸಬೇಕು ಅನ್ನುವುದು ಮಲಯಾಳದಿಂದ ಬರಬೇಕು. ಅಡಿಕೆ ತೋಟದವರೇ, ಮಂಜೇಶ್ವರದ ಗೋವಿಂದ ಪೈಗಳು ಎಷ್ಟು ಭಾಷೆ ಕಲಿತರು, ಕನ್ನಡ ಕಡಿಮೆ ಆಯಿತಾ?

ಅಡಿಕೆ ತೋಟ
ಪೈಗಳನ್ನು ಮಧ್ಯೆ ತಂದರೆ ನಾನು ಮಾತಾಡುವುದಿಲ್ಲ. ಆದರೆ ಬೋರ್ಡಿನ ವಿಷಯ ನಾನು ಬಿಟ್ಟಿಲ್ಲ, ಗೊತ್ತಿರಲಿ.

ಪೆರ್ಲದ ಪುಟ್ಟಿ
ಅಯ್ಯೋ ಜಗಳ ಬೇಡ. ಎರಡು ತಪ್ಪು ಅರ್ಥವಾಯಿತು. ಮೂರನೆಯದ್ದು ಹೇಳಿ. ‘ಸಿ ತೆಂದ್ರೀಯ’ ಯಾಕೆ ತಪ್ಪು? ಅಲ್ಲೂ ‘ಇದ್ದಿದ್ದರೆ’ ಇದೆಯಲ್ಲ!

ಗ್ವಾದಲಹಾರದಲ್ಲಿ ಮೂರು ವರ್ಷ
‘ಇದ್ದಿದ್ದರೆ’ ಇರುವ ತುಂಡು ಒಂದು, ಅದರ ಫಲ ಹೇಳುವ ತುಂಡು ಇನ್ನೊಂದು. ‘ರೀಯ’ ಬರುವುದು ಫಲದ ತುಂಡಿಗೆ ಮಾತ್ರ. ‘ಸಿ’ ಇರುವ ತುಂಡಿಗೆ ಬೇರೆ ರೂಪ, ‘ತುಬಿಯೇರ’. ‘ಸಿ ತುಬಿಯೇರ ತಿಯೆಂಪೊ, ಬ್ಯಹರೀಯ.’ ಕನ್ನಡದಲ್ಲೂ ಹಾಗೇ ಅಲ್ವಾ? ‘ಸಮಯ ಇದ್ದಿದ್ದರೆ’ಗೆ ಒಂದು ಬಾಲ, ‘ಸುತ್ತುತ್ತಿದ್ದೆ’ಗೆ ಇನ್ನೊಂದು. ‘ಸಮಯ ಇರುತ್ತಿತ್ತಾದರೆ ಸುತ್ತುತ್ತಿದ್ದೆ’ ಅಂತ ಯಾರಾದರೂ ಹೇಳುತ್ತಾರಾ? ನೀವು ಸ್ಪ್ಯಾನಿಷಿನಲ್ಲಿ ಬರೆದದ್ದು ಅದನ್ನೇ.

ಒಂದು ತಮಾಷೆ. ಉತ್ತರ ಸ್ಪೇನಿನಲ್ಲಿ, ಬಾಸ್ಕ್ ಸೀಮೆಯ ಕಡೆ, ಜನ ಮಾತಿನಲ್ಲಿ ‘ಸಿ ತೆಂದ್ರೀಯ’ ಅಂತಲೇ ಹೇಳುತ್ತಾರೆ. ಉಳಿದವರು ಅವರನ್ನು ತಿದ್ದುತ್ತಾ ಇರುತ್ತಾರೆ. ಟೆಸ್ಟಿನಲ್ಲಿ ಈ ನೆಪ ಹೇಳಬೇಡಿ.

ನೀಲಿಬಿಳಿ 10
ಮಾತಿನಲ್ಲಿ ‘ಸಿ ತುಬಿಯೇರ ದಿನೇರೊ, ಮೆ ಇಬ’ ಅಂತಲೂ ಕೇಳಿದ್ದೇನೆ. ‘ದುಡ್ಡಿದ್ದಿದ್ದರೆ ಹೋಗುತ್ತಿದ್ದೆ’ ಅಂತ ನಮ್ಮ ಹಾಗೇ ಒಂದೇ ರೂಪದಲ್ಲಿ ಸುಧಾರಿಸುತ್ತಾರೆ. ಕನ್ನಡದವರು ಸ್ಪೇನಿನಲ್ಲೂ ಇದ್ದಾರೆ ಅಂತ ಆಯಿತು.

ಚಂದ್ರಗಿರಿ ದಂಡೆ
‘ಕೊಮೀಯ’ ಮತ್ತು ‘ಕೊಮೆರೀಯ’ ನನಗೆ ಯಾವಾಗಲೂ ಕಲಸಿಹೋಗುತ್ತದೆ. ಎರಡರ ಬಾಲವೂ ‘ಈಯ’ ತಾನೇ?

ಮುಳ್ಳೇರಿಯ ಮೇಷ್ಟ್ರು
ಹೌದು. ‘ಕೊಮೀಯ’ ತಿನ್ನುತ್ತಿದ್ದೆ, ನಿಜವಾಗಿ ತಿಂದದ್ದು. ಅದು ಸುಲಿದ ಅಡಿಕೆ. ‘ಕೊಮೆರೀಯ’ ಸಿಪ್ಪೆ ಸಮೇತ, ತಿಂದದ್ದಿಲ್ಲ. ನಡುವೆ ‘ರ’ ಕೇಳಿಸಿತೋ, ಹೊಟ್ಟೆ ಖಾಲಿ ಅಂತ ತಿಳಿಯಿರಿ.

ಬಾಲ ಒಂದೇ ಇರುವುದಕ್ಕೂ ಕಾರಣ ಇದೆ. ಹಳೆಯ ಕಾಲದಲ್ಲಿ ಇದು ಕ್ರಿಯಾಪದದ ಮೂಲರೂಪದ ಪಕ್ಕ ‘ಅಬೀಯ’ ಅಂತ ಇನ್ನೊಂದು ಕ್ರಿಯಾಪದ ಇಟ್ಟು ಹೇಳುತ್ತಿದ್ದ ಎರಡು ಮಾತು. ‘ಅಬೇರ್’ ಅನ್ನುವುದರ ಭೂತರೂಪ ಅದು. ಸವೆದು ಸವೆದು ‘ಈಯ’ ಮಾತ್ರ ಉಳಿದು ಅಂಟಿಕೊಂಡಿತು. ಮೂಲರೂಪವನ್ನು ಕತ್ತರಿಸದೆ ಇಡುವುದು ಅದಕ್ಕೇ. ನಮ್ಮ ‘ಮಾಡುತ್ತ ಇದ್ದೇನೆ’ ಅಂಟಿ ‘ಮಾಡುತ್ತಿದ್ದೇನೆ’ ಆಗಲಿಲ್ವಾ, ಹಾಗೆ.

ಕೊಂಕಣಿ ಮಾಮ್
ಬ್ರೆಜಿಲಿನ ಪೋರ್ಚುಗೀಸಿನಲ್ಲೂ ಇದೇ ಬಾಲ, ‘ಫಲರೀಯ’. ಹಳದಿ ಜೆರ್ಸಿ, ನೀಲಿಬಿಳಿ, ಇಬ್ಬರೂ ಕೈ ಕುಲುಕಿ. ಮತ್ತೆ ನಮ್ಮ ಮನೆಯ ಮೇಜು, ಜನೇಲು, ಚಾವಿ, ತುವಾಲು, ಬಟಾಟೆ ಎಲ್ಲ ಆ ಕಡೆಯಿಂದಲೇ ಬಂದದ್ದು. ಮೇಜಿಗೆ ಸ್ಪ್ಯಾನಿಷಿನಲ್ಲಿ ‘ಮೇಸ’.

ಹಳದಿ ಜೆರ್ಸಿ
ಕೈ ಕುಲುಕುವುದು ಮುಂದಿನ ವಿಶ್ವಕಪ್ ಆದ ಮೇಲೆ ನೋಡೋಣ.

ಉಪ್ಪಳದವಳು
ಜನೇಲು ಪೋರ್ಚುಗೀಸಾ?! ನಾನು ಅಚ್ಚ ಕನ್ನಡ ಅಂತ ಇದ್ದೆ.

ಹೋಟೆಲ್ ಕೆಲಸದವ
ವಿಷಯಕ್ಕೆ ಬನ್ನಿ. ಗಿರಾಕಿಗಳ ಜೊತೆ ವ್ಯವಹಾರ ಮಾಡುವವರಿಗೆ ‘ಇದ್ದಿದ್ದರೆ’ಗಿಂತ ಮುಖ್ಯವಾದ ಬಳಕೆ ಇದೆ, ಮರ್ಯಾದೆ. ನಾನು ಹಡಗಿನ ಹೋಟೆಲಿನಲ್ಲಿ ಕೆಲಸ ಮಾಡುವವ. ಮೊದಮೊದಲು ‘ಕಿಯೆರೊ’ ಅಂತಲೇ ಹೇಳುತ್ತಿದ್ದೆ. ನನಗೆ ಬೇಕು, ಕೊಡಿ ಅಂದ ಹಾಗೆ. ಜೊತೆಗಿದ್ದ ಕೊಲಂಬಿಯಾದವಳು ನಕ್ಕು, ‘ಮೆ ಗುಸ್ತರೀಯ’ ಅನ್ನು ಅಂದಳು. ನಾವು ‘ಒಂದು ಚಾ ಸಿಕ್ಕಿದ್ದರೆ ಒಳ್ಳೆಯದಿತ್ತು’ ಅಂತ ನೆಂಟರ ಮನೆಯಲ್ಲಿ ನಾಚುತ್ತಾ ಹೇಳುತ್ತೇವಲ್ಲ, ಆ ಧಾಟಿ. ಪುಟ್ಟಿ ಅವರೇ, ಮೇಲಿನಲ್ಲಿ ಇದೊಂದು ಹಾಕಿ, ಗಿರಾಕಿಯ ಉತ್ತರದ ಧಾಟಿಯೇ ಬದಲಾಗುತ್ತದೆ.

ಬುದ್ಧಿ ಹೇಳುವುದಕ್ಕೂ ಇದೇ. ‘ಯೊ ಎನ್ ತು ಲುಗಾರ್, ಆಬ್ಲರೀಯ ಕೊನ್ ಎಲ್ ಹೆಫೆ.’ ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಮ್ಯಾನೇಜರ್ ಹತ್ತಿರ ಮಾತಾಡುತ್ತಿದ್ದೆ. ಹಡಗಿನಲ್ಲಿ ದಿನಕ್ಕೆ ಹತ್ತು ಸಲ ಕೇಳುವ ವಾಕ್ಯ. ಮಾತಾಡಿದವರು ಮಾತ್ರ ಯಾರೂ ಇಲ್ಲ.

ಗ್ವಾದಲಹಾರದಲ್ಲಿ ಮೂರು ವರ್ಷ
ನಮ್ಮವರು ಬೀಳುವ ಇನ್ನೊಂದು ಜಾಗ ಇದೆ. ‘ನಾಳೆ ಬರುತ್ತೇನೆ ಅಂತ ಹೇಳಿದ.’ ನಾವು ‘ಅಂತ’ ಹಾಕಿ ಅವನ ಮಾತನ್ನು ಹಾಗೇ ಇಡುತ್ತೇವೆ. ಸ್ಪ್ಯಾನಿಷಿನಲ್ಲಿ ‘ದಿಹೊ ಕೆ’ ಬಂದರೆ, ಆಗಿನ ಮುಂದಿನದ್ದು ಕಂಡಿಷನಲ್‌ಗೆ ತಿರುಗುತ್ತದೆ. ‘ದಿಹೊ ಕೆ ಯೆಗರೀಯ.’ ಬೆಯೊ ‘ಭೂತದ ನಂತರದ್ದು’ ಅಂತ ಹೆಸರಿಟ್ಟದ್ದು ಈ ಬಳಕೆ ನೋಡಿಯೇ. ಇದಕ್ಕೆ ಕನ್ನಡವೂ ಇಲ್ಲ, ಮಲಯಾಳವೂ ಇಲ್ಲ. ಬಾಯಿಪಾಠವೇ ಗತಿ.

ಬೇಲಿಯಾಚೆ
ವುಡ್ ಇದೆ. ಇಲ್ಲಿ ಸರಿಯಾಗಿ ಹೊಂದುತ್ತದೆ. ಸುಮ್ನೆ ಹೇಳಿದೆ.

ಬದಿಯಡ್ಕದ ಟೀಚರಮ್ಮ
ಒಪ್ಪಿದೆವು ಮಾರಾಯ, ಒಂದು ಮಾರ್ಕು ನಿನಗೆ.

ಪೆರ್ಲದ ಪುಟ್ಟಿ
ಎಲ್ಲ ಓದಿ ಬಸ್ಸಿನಲ್ಲಿ ಕೂತು ಐದು ವಾಕ್ಯ ಬರೆದೆ. ತಿದ್ದಿ.

‘ಸಿನ್ ಯುಬಿಯ, ಸೆಕರೀಯಮೋಸ್ ಲಾ ಅರೆಕಾ ಎನ್ ಎಲ್ ಪಾತಿಯೊ.’ ಮಳೆ ಇಲ್ಲದಿದ್ದರೆ ಅಂಗಳದಲ್ಲಿ ಅಡಿಕೆ ಒಣಗಿಸುತ್ತಿದ್ದೆವು.
‘ಮಿ ಅಬುಯೆಲ ನೊ ಕೊಂಪ್ರರೀಯ ಉನ್ ಸೆಲುಲಾರ್.’ ನಮ್ಮಜ್ಜಿ ಮೊಬೈಲ್ ಕೊಳ್ಳುವವರಲ್ಲ.
‘ದಿಹೊ ಕೆ ಎಲ್ ತ್ರೆನ್ ಯೆಗರೀಯ ಆ ಲಾಸ್ ಸೆಯಿಸ್.’ ರೈಲು ಆರಕ್ಕೆ ಬರುತ್ತದೆ ಅಂತ ಹೇಳಿದ್ದರು.
‘ಸಿನ್ ತ್ರಬಾಹೊ, ಸಲಿರೀಯ ತೆಂಪ್ರಾನೊ.’ ಕೆಲಸ ಇಲ್ಲದಿದ್ದರೆ ಬೇಗ ಹೊರಡುತ್ತಿದ್ದೆ.
‘ಸಿ ತುಬಿಯೇರ ಉನ್ ಕಾರೊ, ಬಿಬಿರೀಯ ಎನ್ ಪೆರ್ಲ.’ ಕಾರಿದ್ದಿದ್ದರೆ ಪೆರ್ಲದಲ್ಲೇ ವಾಸ ಮಾಡುತ್ತಿದ್ದೆ.

ಮುಳ್ಳೇರಿಯ ಮೇಷ್ಟ್ರು
ನಾಲ್ಕು ಸರಿ. ‘ಸಲಿರೀಯ’ ತಪ್ಪು, ‘ಸಲ್ದ್ರೀಯ’ ಆಗಬೇಕು. ಸಲೀರ್, ತೆನೇರ್, ಪೊದೇರ್, ಅಸೇರ್, ದೆಸೀರ್ ಹೀಗೆ ಮೂಲದಲ್ಲಿ ಹನ್ನೆರಡು ಪುಂಡರಿದ್ದಾರೆ, ಮೂಲರೂಪವೇ ಸ್ವಲ್ಪ ಸೊಟ್ಟ. ಭವಿಷ್ಯತ್ತಿನಲ್ಲೂ ಅದೇ ಸೊಟ್ಟ, ಹಾಗಾಗಿ ಒಮ್ಮೆ ಕಲಿತರೆ ಎರಡು ಕಡೆ ಸಾಕು. ಬಾಲ ಮಾತ್ರ ಅದೇ ಈಯ. ವಿಚಿತ್ರ ಏನೆಂದರೆ ಉಳಿದೆಲ್ಲ ಕಡೆ ತಲೆ ತಿನ್ನುವ ‘ಸೆರ್’ ಮತ್ತು ‘ಈರ್’ ಇಲ್ಲಿ ಸಾಧುಗಳು. ಸೆರೀಯ, ಇರೀಯ.

ನೀಲಿಬಿಳಿ 10
ಕೊನೆಯ ವಾಕ್ಯ ಓದಿ ಮೆಕ್ಸಿಕೋದವರು ಕಣ್ಣರಳಿಸಿಯಾರು. ‘ಪೆರ್ಲ’ ಅಂದರೆ ಸ್ಪ್ಯಾನಿಷಿನಲ್ಲಿ ಮುತ್ತು. ‘ಕಾರಿದ್ದಿದ್ದರೆ ಮುತ್ತಿನೊಳಗೆ ವಾಸ ಮಾಡುತ್ತಿದ್ದೆ.’

ಪೆರ್ಲದ ಪುಟ್ಟಿ
ನಿಜವಾ!! ಎಂಟು ತಿಂಗಳಿಂದ ಯಾರೂ ಹೇಳಲಿಲ್ಲ.

ಸುಮ್ನೆ ಓದುವವ
ಹಾಗಾದರೆ ಮುಳ್ಳೇರಿಯ? ಕೊನೆಗೆ ‘ಏರಿಯ’ ಇದೆ. ‘ಮುಳ್ಳೇರ್’ ಅನ್ನುವ ಕ್ರಿಯಾಪದದ ಕಂಡಿಷನಲ್ಲಾ?

ಮುಳ್ಳೇರಿಯ ಮೇಷ್ಟ್ರು
ಒತ್ತು ‘ರಿ’ ಮೇಲೆ ಇಲ್ಲ, ಗೀಟೂ ಇಲ್ಲ. ಅರ್ಧ ಮಾರ್ಕು ಕಟ್.